ಐಪ್ಯಾಕ್, ಜಿಪ್ಯಾಕ್ ಅಥವಾ ಇನ್ನೊಂದು: ದೈಹಿಕ ಚಟುವಟಿಕೆ ಅಳೆಯಲು ಯಾವ ಡಿಜಿಟಲ್ ಪ್ರಶ್ನಾವಳಿ?

ದೈಹಿಕ ಚಟುವಟಿಕೆ ಅಳೆಯುವ ಸಂಶೋಧನೆಗೆ ಹೊರಟಿದ್ದೀರಿ. ಗೈಡ್ ಐಪ್ಯಾಕ್ (IPAQ, ಅಂತರರಾಷ್ಟ್ರೀಯ ದೈಹಿಕ ಚಟುವಟಿಕೆ ಪ್ರಶ್ನಾವಳಿ) ಹಾಕಿ ಅನ್ನುತ್ತಾರೆ. ಎಥಿಕ್ಸ್ ಸಮಿತಿಯಲ್ಲಿ ಒಬ್ಬರು ಜಿಪ್ಯಾಕ್ (GPAQ, ವಿಶ್ವ ಆರೋಗ್ಯ ಸಂಸ್ಥೆಯ ಪ್ರಶ್ನಾವಳಿ) ಯಾಕಿಲ್ಲ ಅನ್ನುತ್ತಾರೆ. ಜೊತೆಗೆ ಕೆಲಸ ಮಾಡುವವರು ಗೂಗಲ್ ಫಾರ್ಮ್‌ನಲ್ಲಿ ಎರಡು ಪ್ರಶ್ನೆ ಸಾಕಲ್ಲ ಅನ್ನುತ್ತಾರೆ. ಮೂವರ ಮಾತೂ ಸರಿಯೇ. ಆದರೆ ಮೂವರ ಮನಸ್ಸಿನಲ್ಲಿರುವುದು ಮೂರು ಬೇರೆ ಬೇರೆ ಅಧ್ಯಯನ. ಹಾಗಾಗಿ ಮೊದಲು ಕೇಳಿಕೊಳ್ಳಬೇಕಾದದ್ದು ಯಾವ ಪ್ರಶ್ನಾವಳಿ ಒಳ್ಳೆಯದು ಎಂದಲ್ಲ, ಬಂದ ಸಂಖ್ಯೆಯಿಂದ ಏನು ಮಾಡುತ್ತೀರಿ ಎಂದು.

ಆಯ್ಕೆಗೆ ಮೊದಲು ತೀರ್ಮಾನಿಸಬೇಕಾದವು

ಮೊದಲನೆಯದು ಬಂದ ಸಂಖ್ಯೆಯ ಬಳಕೆ. ಅದು ನಾಲ್ಕು ಬಗೆಯ ಕೆಲಸಕ್ಕೆ ಬರಬಹುದು. ಒಂದು ಜನಸಮುದಾಯದಲ್ಲಿ ಶೇಕಡ ಎಷ್ಟು ಮಂದಿ ಸಾಕಷ್ಟು ಚುರುಕಾಗಿದ್ದಾರೆ ಎಂದು ಹೇಳುವುದು. ಜನರನ್ನು ಕಡಿಮೆ, ಮಧ್ಯಮ, ಹೆಚ್ಚು ಎಂದು ವಿಂಗಡಿಸುವುದು. ಒಂದು ಕಾರ್ಯಕ್ರಮದ ಮೊದಲು ಮತ್ತು ನಂತರ ಏನು ಬದಲಾಯಿತು ಎಂದು ನೋಡುವುದು. ನಾಲ್ಕನೆಯದು, ನಿಮಿಷಕ್ಕೋ ಕ್ಯಾಲೊರಿಗೋ ಲೆಕ್ಕ ಇಟ್ಟು ಅದನ್ನು ಸಕ್ಕರೆ ಕಾಯಿಲೆ, ರಕ್ತದೊತ್ತಡದಂಥ ಫಲಿತಾಂಶಕ್ಕೆ ಜೋಡಿಸುವುದು. ಮೊದಲೆರಡಕ್ಕೆ ಪ್ರಶ್ನಾವಳಿ ಒಗ್ಗುತ್ತದೆ. ಮೂರನೆಯದಕ್ಕೆ ಎಚ್ಚರಿಕೆಯಿಂದ ಬಳಸಬಹುದು. ನಾಲ್ಕನೆಯದಕ್ಕೆ ಪ್ರಶ್ನಾವಳಿಯೊಂದನ್ನೇ ನಂಬಿ ಹೊರಟರೆ ಕಷ್ಟ.

ತೀರ್ಮಾನಿಸಬೇಕಾದ ಎರಡನೆಯದು ಚಟುವಟಿಕೆ ನಡೆಯುವ ಕ್ಷೇತ್ರ: ದುಡಿಮೆ, ಓಡಾಟ, ಮನೆಗೆಲಸ, ಬಿಡುವು. ಮೈಮುರಿದು ದುಡಿಯುವವರ ಬಿಡುವಿನ ವ್ಯಾಯಾಮವನ್ನಷ್ಟೇ ಕೇಳಿದರೆ ಅವರೆಲ್ಲ ಸೋಮಾರಿಗಳಾಗಿ ದಾಖಲಾಗುತ್ತಾರೆ. ಮೂರನೆಯದು ನೆನಪಿನ ಅವಧಿ. ‘ಕಳೆದ 7 ದಿನ’ ಎಂದರೆ ನೆನಪು ಹತ್ತಿರ, ಆದರೆ ಆ ವಾರ ಜ್ವರ ಬಂದಿದ್ದರೆ ಉತ್ತರವೂ ಕಾಯಿಲೆ ಬೀಳುತ್ತದೆ. ‘ಸಾಮಾನ್ಯ ವಾರ’ ಎಂದರೆ ಅಂಥ ಏರುಪೇರು ಇಲ್ಲ, ಆದರೆ ಜನ ತಾವು ಹೇಗಿದ್ದೇವೆ ಎನ್ನುವುದಕ್ಕಿಂತ ಹೇಗಿರುತ್ತೇವೆ ಅಂದುಕೊಂಡಿದ್ದಾರೋ ಅದನ್ನು ಹೇಳುತ್ತಾರೆ. ಬದಲಾವಣೆ ಅಳೆಯುವವರಿಗೆ ಈ ವ್ಯತ್ಯಾಸ ದೊಡ್ಡದು. ನಾಲ್ಕನೆಯದು ಉತ್ತರಿಸುವವರ ವಯಸ್ಸು, ಓದುವ ಅಭ್ಯಾಸ, ಫಾರ್ಮನ್ನು ಅವರೇ ತುಂಬುತ್ತಾರೋ ಸಂದರ್ಶಕರು ತುಂಬುತ್ತಾರೋ ಎನ್ನುವುದು.

ಐಪ್ಯಾಕ್: ಚಿಕ್ಕದು ಮತ್ತು ದೊಡ್ಡದು

1998ರಲ್ಲಿ ಜಿನೀವಾದಲ್ಲಿ ಶುರುವಾದ ಕೆಲಸ ಇದು. 12 ದೇಶಗಳ ಪರೀಕ್ಷೆಯ ಫಲಿತಾಂಶ 2003ರಲ್ಲಿ ಪ್ರಕಟವಾಯಿತು. ಚಿಕ್ಕ ರೂಪದಲ್ಲಿ 7 ಪ್ರಶ್ನೆ: ಬಿರುಸಿನ ಚಟುವಟಿಕೆ ಎಷ್ಟು ದಿನ, ದಿನಕ್ಕೆ ಎಷ್ಟು ಹೊತ್ತು, ಮಧ್ಯಮ ಶ್ರಮದ್ದು ಎಷ್ಟು ದಿನ, ಎಷ್ಟು ಹೊತ್ತು, ನಡಿಗೆ ಎಷ್ಟು ದಿನ, ಎಷ್ಟು ಹೊತ್ತು, ಕೊನೆಗೆ ವಾರದ ಕೆಲಸದ ದಿನದಲ್ಲಿ ಕೂತಿರುವ ಹೊತ್ತು. ದೊಡ್ಡ ರೂಪದಲ್ಲಿ 27 ಪ್ರಶ್ನೆಗಳಿದ್ದು ಕ್ಷೇತ್ರವಾರು ಕೇಳುತ್ತವೆ. ಎರಡೂ ಉಚಿತ, ಎರಡೂ 15ರಿಂದ 69 ವರ್ಷದವರಿಗೆ.

ಬಲ ಎಲ್ಲಿ? ಒಂದೇ ಮನುಷ್ಯನನ್ನು ಎರಡು ಸಲ ಕೇಳಿದರೆ ಉತ್ತರ ಬಹುಮಟ್ಟಿಗೆ ಒಂದೇ ಬರುತ್ತದೆ, ಆ 12 ದೇಶಗಳ ಪರೀಕ್ಷೆಯಲ್ಲಿ ಸಹಸಂಬಂಧ (1 ಎಂದರೆ ಪೂರ್ತಿ ಹೊಂದಾಣಿಕೆ, 0 ಎಂದರೆ ಏನೂ ಇಲ್ಲ) ಸುಮಾರು 0.8. ದೌರ್ಬಲ್ಯ ಎಲ್ಲಿ? ಮೈಗೆ ಕಟ್ಟಿಕೊಂಡರೆ ಚಲನೆಯನ್ನು ದಾಖಲಿಸುವ ಆಕ್ಸೆಲೆರೋಮೀಟರ್ ಎಂಬ ಸಾಧನದ ಜೊತೆ ಹೋಲಿಸಿದಾಗ ಅದು ಸುಮಾರು 0.3ಕ್ಕೆ ಇಳಿಯಿತು. ಜನ ಒಂದೇ ತಪ್ಪನ್ನು ಪ್ರತಿ ಸಲವೂ ಅಷ್ಟೇ ನಿಷ್ಠೆಯಿಂದ ಹೇಳುತ್ತಾರೆ ಅನ್ನಿ. 2011ರ ಒಂದು ಪರಿಶೀಲನೆ ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿ, ಚಿಕ್ಕ ಐಪ್ಯಾಕ್ ಚಟುವಟಿಕೆಯನ್ನು ಶೇ 36ರಿಂದ ಶೇ 173ರವರೆಗೆ ಹೆಚ್ಚಿಸಿ ತೋರಿಸುತ್ತದೆ ಎಂದಿತು. ಇದನ್ನು ರೂಪಿಸಿದ್ದು ಜನಸಮುದಾಯದ ಸಮೀಕ್ಷೆಗೆ. ಕಾರ್ಯಕ್ರಮದ ಪರಿಣಾಮ ಅಳೆಯಲು ಅಲ್ಲ. ಈ ಮಾತನ್ನು ಎಷ್ಟೋ ಪ್ರಬಂಧಗಳು ಮರೆತಿವೆ.

ಅಂಕ ಹಾಕುವ ಕ್ರಮದಲ್ಲಿ ಒಂದು ಗುಟ್ಟು ಅಡಗಿದೆ. ಸುಮ್ಮನೆ ಕೂತಾಗ ದೇಹ ಖರ್ಚು ಮಾಡುವ ಶಕ್ತಿಯನ್ನು 1 ಮೆಟ್ ಅನ್ನುತ್ತಾರೆ. ನಡಿಗೆಗೆ 3.3, ಮಧ್ಯಮಕ್ಕೆ 4, ಬಿರುಸಿಗೆ 8 ಮೆಟ್. ಇದನ್ನು ವಾರದ ನಿಮಿಷಗಳಿಂದ ಗುಣಿಸಿದರೆ ಸಿಗುವುದು ಮೆಟ್-ನಿಮಿಷ. 10 ನಿಮಿಷಕ್ಕಿಂತ ಕಡಿಮೆಯದನ್ನು ಸೊನ್ನೆ ಮಾಡಬೇಕು. ಯಾವುದೇ ವರ್ಗದಲ್ಲಿ ದಿನಕ್ಕೆ 180 ನಿಮಿಷ ಮೀರಿದ್ದನ್ನು 180ಕ್ಕೆ ಕತ್ತರಿಸಬೇಕು. ಮೂರನ್ನೂ ಕೂಡಿಸಿ ದಿನಕ್ಕೆ 960 ನಿಮಿಷ ದಾಟಿದರೆ ಆ ವ್ಯಕ್ತಿಯನ್ನೇ ವಿಶ್ಲೇಷಣೆಯಿಂದ ಕೈಬಿಡಬೇಕು. 180ರ ಕತ್ತರಿ ಕಚೇರಿ ನೌಕರರಿಗೆ ಏನೂ ಮಾಡುವುದಿಲ್ಲ. ದಿನಕ್ಕೆ 8 ಗಂಟೆ ಹೊರೆ ಹೊರುವವರ 5 ಗಂಟೆಯನ್ನು ಅದು ಸದ್ದಿಲ್ಲದೆ ನುಂಗುತ್ತದೆ. ನಿಮ್ಮ ಮಾದರಿಯಲ್ಲಿ ಶಾರೀರಿಕ ದುಡಿಮೆಯವರು ಹೆಚ್ಚಿದ್ದರೆ ಐಪ್ಯಾಕ್ ಬಿಡಲು ಈ ಒಂದು ಕಾರಣ ಸಾಕು.

ಜಿಪ್ಯಾಕ್

ವಿಶ್ವ ಆರೋಗ್ಯ ಸಂಸ್ಥೆ, ಸಾಂಕ್ರಾಮಿಕವಲ್ಲದ ಕಾಯಿಲೆಗಳಿಗೆ ದಾರಿ ಮಾಡುವ ಅಂಶಗಳನ್ನು ನೋಡುವ ತನ್ನ ಸ್ಟೆಪ್ಸ್ ಸಮೀಕ್ಷೆಗಾಗಿ ರೂಪಿಸಿದ್ದು. 16 ಪ್ರಶ್ನೆ, ದುಡಿಮೆ, ಓಡಾಟ, ಬಿಡುವು ಎಂಬ ಮೂರು ಕ್ಷೇತ್ರ, ಮೇಲೆ ಕೂತಿರುವ ಹೊತ್ತು. ಅವಧಿ ‘ಸಾಮಾನ್ಯ ವಾರ’. ಮನೆಗೆಲಸ ದುಡಿಮೆಯಲ್ಲೇ ಸೇರುತ್ತದೆ; ಸಂಬಳವಿಲ್ಲದ ಕೆಲಸವೂ ಕೆಲಸವೇ ಎಂದು ಪೀಠಿಕೆಯಲ್ಲಿ ಓದಿ ಹೇಳಬೇಕು. ಅದನ್ನು ಡಿಜಿಟಲ್ ಫಾರ್ಮ್‌ನಲ್ಲಿ ‘ಉದ್ದವಾಯಿತು’ ಎಂದು ತೆಗೆದುಹಾಕಿದರೆ ಗೃಹಿಣಿಯರ ದುಡಿಮೆ ಸೊನ್ನೆಯಾಗುತ್ತದೆ. ಕಾಲ್ನಡಿಗೆ ಮತ್ತು ಸೈಕಲ್ ಓಡಾಟಕ್ಕೆ 4 ಮೆಟ್. 180 ನಿಮಿಷದ ಕತ್ತರಿ ಇಲ್ಲ. ಒಂದು ವಿಭಾಗಕ್ಕೆ ದಿನಕ್ಕೆ 16 ಗಂಟೆ ಮೀರಿದರೆ ಮಾತ್ರ ತಪ್ಪು ಎಂದು ತೆಗೆಯುತ್ತಾರೆ.

ಇದು ಸಂದರ್ಶಕರು ಚಿತ್ರದ ಕಾರ್ಡ್ ತೋರಿಸುತ್ತ ಕೇಳಲೆಂದೇ ಆದದ್ದು. ಟ್ಯಾಬ್‌ನಲ್ಲಿ ಚಿತ್ರಗಳನ್ನು ಪ್ರಶ್ನೆಯ ಪಕ್ಕದಲ್ಲೇ ಇಡಬಹುದು, ಅದು ಲಾಭ. ಒಬ್ಬೊಬ್ಬರೇ ತುಂಬುವ ಲಿಂಕ್ ಮಾಡಿದರೆ ಒಂದು ತೊಂದರೆ ಇದೆ. ಐದು ‘ಹೌದು/ಇಲ್ಲ’ ಪ್ರಶ್ನೆಗಳಿಗೂ ‘ಇಲ್ಲ’ ಎಂದರೆ 16 ಪ್ರಶ್ನೆ 6ಕ್ಕೆ ಇಳಿಯುತ್ತದೆ. ಎರಡನೇ ‘ಇಲ್ಲ’ಕ್ಕೆ ಪರದೆ ಹಾರಿದ್ದನ್ನು ಕಂಡವರು ಮೂರನೆಯದಕ್ಕೂ ‘ಇಲ್ಲ’ ಒತ್ತುವ ಸಾಧ್ಯತೆ ಉಂಟು. ಐದೂ ‘ಹೌದು/ಇಲ್ಲ’ ಪ್ರಶ್ನೆಗಳನ್ನು ಮೊದಲೇ ಕೇಳಿ ಆಮೇಲೆ ದಿನ, ಹೊತ್ತು ಕೇಳಿದರೆ ಈ ಕಳ್ಳದಾರಿ ಮುಚ್ಚುತ್ತದೆ. ಆದರೆ ಅಲ್ಲಿಗೆ ಮೂಲದ ಕ್ರಮ ಬದಲಾಗಿರುತ್ತದೆ, ವರದಿಯಲ್ಲಿ ಹೇಳಲೇಬೇಕು.

ಉಳಿದವು, ಚುಟುಕಾಗಿ

ಕೇಂಬ್ರಿಜ್‌ನಲ್ಲಿ ರೂಪುಗೊಂಡ ಆರ್‌ಪ್ಯಾಕ್ ಕಳೆದ 4 ವಾರವನ್ನು ಕೇಳುತ್ತದೆ. ಮನೆ, ಕೆಲಸ, ಓಡಾಟ, ಬಿಡುವು ನಾಲ್ಕನ್ನೂ ಹಿಡಿಯುತ್ತದೆ. ಶಕ್ತಿವ್ಯಯ ಅಳೆಯುವ ಅತ್ಯಂತ ನಿಖರ ವಿಧಾನವಾದ ‘ಡಬ್ಲಿ ಲೇಬಲ್ಡ್ ವಾಟರ್’ ಜೊತೆ ಇದನ್ನು ಹೋಲಿಸಿ ನೋಡಿದ್ದಾರೆ. ಶಕ್ತಿವ್ಯಯವೇ ಮುಖ್ಯವಾದ ಅಧ್ಯಯನಕ್ಕೆ ಇದನ್ನು ಮೊದಲು ನೋಡಿ. ಬಿಡುವಿನ ಚಟುವಟಿಕೆಗಳ ಪಟ್ಟಿ ಉದ್ದ, ಅನುವಾದದ ಕೆಲಸ ಹೆಚ್ಚು.

1985ರ ಗೋಡಿನ್ ಪ್ರಶ್ನಾವಳಿ ಬಿಡುವಿನ ವ್ಯಾಯಾಮವನ್ನಷ್ಟೇ ಕೇಳುತ್ತದೆ: ವಾರದಲ್ಲಿ 15 ನಿಮಿಷ ಮೀರಿದ ಬಿರುಸು, ಮಧ್ಯಮ, ಹಗುರ ಚಟುವಟಿಕೆ ಎಷ್ಟು ಸಲ, ಅವನ್ನು 9, 5, 3ರಿಂದ ಗುಣಿಸಿ ಕೂಡಿಸುವುದು. ಒಂದು ನಿಮಿಷದ ಕೆಲಸ. ಆದರೆ ಅಂಕ ಬರುತ್ತದೆಯೇ ಹೊರತು ನಿಮಿಷ ಬರುವುದಿಲ್ಲ.

ಕ್ಲಿನಿಕ್‌ನಲ್ಲಿ ಸರದಿ ಕಾಯುವವರನ್ನು ಕೇಳಬೇಕೆಂದರೆ ಎಕ್ಸರ್‌ಸೈಜ್ ವೈಟಲ್ ಸೈನ್ ಎಂಬ ಎರಡು ಪ್ರಶ್ನೆ ಇದೆ: ವಾರಕ್ಕೆ ಎಷ್ಟು ದಿನ, ದಿನಕ್ಕೆ ಎಷ್ಟು ನಿಮಿಷ. ಗುಣಿಸಿ, ವಾರಕ್ಕೆ ಬೇಕೆನ್ನುವ 150 ನಿಮಿಷದ ಪಕ್ಕ ಇಟ್ಟು ನೋಡಿದರೆ ಮುಗಿಯಿತು. ಯಾರಿಗೆ ಸಲಹೆ ಬೇಕು ಎಂದು ಗುರುತಿಸಲು ಇಷ್ಟು ಸಾಕು. ಪ್ರಬಂಧದ ಮುಖ್ಯ ಅಳತೆಯಾಗಿ ಇಟ್ಟುಕೊಳ್ಳಬೇಡಿ.

ಮಕ್ಕಳಿಗೆ ದೊಡ್ಡವರ ಪ್ರಶ್ನಾವಳಿ ಬೇಡ. ಅವರಿಗೆ ನಿಮಿಷದ ಲೆಕ್ಕ ಬರುವುದಿಲ್ಲ. ಪ್ಯಾಕ್-ಸಿ 1ರಿಂದ 5ರ ಅಂಕ ಕೊಡುತ್ತದೆ, ನಿಮಿಷ ಕೇಳುವುದಿಲ್ಲ. ಶಾಲೆಯ ಬಿಡುವು, ಪಿ.ಟಿ. ತರಗತಿಯ ಬಗ್ಗೆ ಕೇಳುವುದರಿಂದ ರಜೆಯಲ್ಲಿ ಬಳಸಿದರೆ ಕೆಡುತ್ತದೆ. 65 ದಾಟಿದವರಿಗೆ ‘ಪೇಸ್’ ಇದೆ. ಹಗುರ ಮನೆಗೆಲಸ, ಕೈತೋಟ, ಇನ್ನೊಬ್ಬರನ್ನು ನೋಡಿಕೊಳ್ಳುವ ಕೆಲಸವನ್ನೂ ಅದು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಬಳಸುವ ಮುನ್ನ ಪರವಾನಗಿಯ ಷರತ್ತು ನೋಡಿಕೊಳ್ಳಿ.

ಹಿಂದಿನ ದಿನವನ್ನು ಬೆಳಗಿನಿಂದ ರಾತ್ರಿಯವರೆಗೆ ತುಂಡುತುಂಡಾಗಿ ನೆನಪಿಸಿಕೊಳ್ಳುವ ಆಕ್ಟ್24, ಮಾರ್ಕಾದಂಥ ಸಾಧನಗಳೂ ಇವೆ. ನಿನ್ನೆಯ ನೆನಪು ಹೋದ ವಾರದ ನೆನಪಿಗಿಂತ ಗಟ್ಟಿ. ನಿದ್ದೆ, ಕೂತ ಹೊತ್ತು ಎಲ್ಲ ಸೇರಿ 24 ಗಂಟೆ ತುಂಬಲೇಬೇಕಾದ್ದರಿಂದ ಉತ್ಪ್ರೇಕ್ಷೆಗೆ ಜಾಗ ಕಡಿಮೆ. ಆದರೆ ಒಂದು ದಿನ ಇಡೀ ಜೀವನಕ್ಕೆ ಕನ್ನಡಿಯಲ್ಲ. ಒಬ್ಬರಿಂದ ಹಲವು ದಿನ, ರಜಾ ದಿನವೂ ಸೇರಿದಂತೆ, ಬೇಕು. ಹೊಸ ಭಾಷೆಗೆ ತರುವುದೆಂದರೆ ನೂರಾರು ಚಟುವಟಿಕೆಗಳ ಹೆಸರನ್ನು ತರುವುದು.

ಒಬ್ಬರ ವಾರ, ಮೂರು ಲೆಕ್ಕ

ಒಬ್ಬರು ವಾರದಲ್ಲಿ 2 ದಿನ 40 ನಿಮಿಷ ಓಡುತ್ತಾರೆ, 3 ದಿನ 30 ನಿಮಿಷ ನಿಧಾನವಾಗಿ ಈಜುತ್ತಾರೆ, 6 ದಿನ 25 ನಿಮಿಷ ನಡೆಯುತ್ತಾರೆ ಅಂದುಕೊಳ್ಳೋಣ. ಚಿಕ್ಕ ಐಪ್ಯಾಕ್‌ನಲ್ಲಿ ಓಟ 80×8=640, ಈಜು 90×4=360, ನಡಿಗೆ 150×3.3=495. ಒಟ್ಟು 1495 ಮೆಟ್-ನಿಮಿಷ, ವರ್ಗ ‘ಮಧ್ಯಮ’. ಜಿಪ್ಯಾಕ್‌ನಲ್ಲಿ, ಆ ನಡಿಗೆ ಕೆಲಸಕ್ಕೆ ಹೋಗಿಬರುವುದಾಗಿದ್ದರೆ 150×4=600, ಒಟ್ಟು 1600. ಊಟವಾದ ಮೇಲಿನ ನಿಧಾನದ ಅಡ್ಡಾಟವಾಗಿದ್ದರೆ ಅದು ಲೆಕ್ಕಕ್ಕೇ ಬರುವುದಿಲ್ಲ, ಒಟ್ಟು 1000. ಮನುಷ್ಯ ಒಬ್ಬರೇ, ಕಾಲೂ ಅವೇ. ಹಾಗಾಗಿ ನಿಮ್ಮ ಐಪ್ಯಾಕ್ ಅಂಕವನ್ನು ಬೇರೆಯವರ ಜಿಪ್ಯಾಕ್ ಅಂಕದ ಪಕ್ಕ ಇಟ್ಟು ‘ನಮ್ಮವರು ಹಿಂದಿದ್ದಾರೆ’ ಎಂದು ಬರೆಯುವಂತಿಲ್ಲ.

ಈಗ ಒಂದು ಎಡವಟ್ಟು ನೋಡಿ. ‘ದಿನಕ್ಕೆ ಎಷ್ಟು ಹೊತ್ತು ನಡೆದಿರಿ’ ಎನ್ನುವಲ್ಲಿ ಅದೇ ವ್ಯಕ್ತಿ ‘ದಿನಕ್ಕೆ’ ಎನ್ನುವುದನ್ನು ಗಮನಿಸದೆ ವಾರದ ಮೊತ್ತ 2 ಗಂಟೆ 30 ನಿಮಿಷ ತುಂಬಿದರು. ನಡಿಗೆ 6×150×3.3=2970 ಆಯಿತು, ಒಟ್ಟು 3970. ಮೂರೂ ಬಗೆಯ ದಿನಗಳನ್ನು ಕೂಡಿಸಿದರೆ 7 ದಾಟಿದೆ, ಮೆಟ್-ನಿಮಿಷ 3000 ದಾಟಿದೆ; ವರ್ಗ ‘ಹೆಚ್ಚು’. 150 ನಿಮಿಷ 180ರ ಒಳಗೇ ಇರುವುದರಿಂದ ಕತ್ತರಿ ನಿಯಮಕ್ಕೆ ಇದು ಸಿಗುವುದೇ ಇಲ್ಲ. ಹಿಡಿಯಲು ಇರುವ ದಾರಿ ಒಂದೇ: ಉತ್ತರ ತುಂಬಿದ ಕೂಡಲೇ ಅವರ ಮಾತನ್ನೇ ಅವರಿಗೆ ತೋರಿಸುವುದು. ‘ದಿನಕ್ಕೆ 2 ಗಂಟೆ 30 ನಿಮಿಷ, ವಾರದಲ್ಲಿ 6 ದಿನ, ಒಟ್ಟು 15 ಗಂಟೆ ನಡೆದಿದ್ದೀರಿ. ಸರಿಯೇ?’ ಕಾಗದ ಮಾಡಲಾಗದ, ಡಿಜಿಟಲ್ ಫಾರ್ಮ್ ಮಾಡಬಹುದಾದ ಅತ್ಯಂತ ಬೆಲೆಬಾಳುವ ಕೆಲಸ ಇದು.

ಅಗ್ಗದ ಪ್ರಶ್ನಾವಳಿಯ ದುಬಾರಿ ಬೆಲೆ

ಪ್ರಶ್ನಾವಳಿಗೆ ಖರ್ಚಿಲ್ಲ, ಆಕ್ಸೆಲೆರೋಮೀಟರ್ ದುಬಾರಿ ಎಂದು ಎಲ್ಲರೂ ಹೇಳುತ್ತಾರೆ. ಲೆಕ್ಕ ಹಾಕಿ ನೋಡಿ. ಚಟುವಟಿಕೆಗೂ ನಿಮ್ಮ ಫಲಿತಾಂಶಕ್ಕೂ ನಿಜವಾದ ಸಹಸಂಬಂಧ 0.4 ಇದೆ ಅನ್ನೋಣ. ಚೆನ್ನಾಗಿ ಅಳೆದರೆ, ಶೇ 80 ಪವರ್ (ಇರುವ ಸಂಬಂಧವನ್ನು ಹಿಡಿಯುವ ಸಾಧ್ಯತೆ) ಮತ್ತು ಶೇ 5ರ ಮಟ್ಟದಲ್ಲಿ (ಇಲ್ಲದ್ದನ್ನು ಇದೆ ಎನ್ನುವ ಸಾಧ್ಯತೆ), ಸುಮಾರು 47 ಜನ ಸಾಕು. ಅಳತೆಗೋಲು ಸತ್ಯದ ಜೊತೆ 0.3ರಷ್ಟೇ ಹೊಂದುತ್ತದೆ ಎಂದಾದರೆ ನಿಮಗೆ ಕಾಣುವ ಸಂಬಂಧ 0.4×0.3=0.12. ಅದನ್ನು ಹಿಡಿಯಲು ಸುಮಾರು 543 ಜನ ಬೇಕು. ಇದು ಸರಳ ಲೆಕ್ಕ, ಆಕ್ಸೆಲೆರೋಮೀಟರೂ ಪೂರ್ತಿ ಸತ್ಯವಲ್ಲ. ಸೊಂಟಕ್ಕೆ ಕಟ್ಟಿದ ಸಾಧನಕ್ಕೆ ಸೈಕಲ್ ತುಳಿದದ್ದು, ಭಾರ ಎತ್ತಿದ್ದು ಸರಿಯಾಗಿ ತಿಳಿಯುವುದಿಲ್ಲ. ಆದರೂ ಅಂತರದ ಗಾತ್ರ ನೋಡಿ. 60 ಜನರ ಅಧ್ಯಯನಕ್ಕೆ ಚಿಕ್ಕ ಐಪ್ಯಾಕ್ ಹಾಕಿ ‘ಸಂಬಂಧ ಕಂಡುಬರಲಿಲ್ಲ’ ಎಂದು ಬರೆದರೆ, ಕಾಣದಿದ್ದದ್ದು ಸಂಬಂಧವೋ ಅಳತೆಗೋಲಿನ ಕಣ್ಣೋ ಎಂದು ಹೇಳಲಾಗದು.

ನಡುವಣ ದಾರಿಯೂ ಇದೆ. ಎಲ್ಲರಿಗೂ ಪ್ರಶ್ನಾವಳಿ, ಅದೃಷ್ಟಚೀಟಿಯಂತೆ ಆಯ್ದ ಒಂದು ಸಣ್ಣ ಗುಂಪಿಗೆ ಸಾಧನ. 7 ದಿನ ಧರಿಸಲು ಹೇಳಿ, ದಿನಕ್ಕೆ 10 ಗಂಟೆಯಂತೆ ಕನಿಷ್ಠ 4 ದಿನ ಧರಿಸಿದವರನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ರೂಢಿ. ಕೆಲವೇ ಸಾಧನಗಳಿದ್ದರೂ ವಾರಕ್ಕೊಂದು ತಂಡದಂತೆ ತಿರುಗಿಸಬಹುದು. ಸಾಧನ ಧರಿಸಿದ ವಾರ ಮುಗಿದ ಮೇಲೆ ಪ್ರಶ್ನಾವಳಿ ಕೊಡಿ, ಮೊದಲಲ್ಲ. ಇಲ್ಲದಿದ್ದರೆ ‘ಕಳೆದ 7 ದಿನ’ ಮತ್ತು ಸಾಧನದ 7 ದಿನ ಬೇರೆ ಬೇರೆ ವಾರಗಳಾಗುತ್ತವೆ.

ಯಾವ ಸಾಫ್ಟ್‌ವೇರ್?

ಗೂಗಲ್ ಫಾರ್ಮ್ಸ್‌ನಲ್ಲಿ ಚಿಕ್ಕ ಐಪ್ಯಾಕ್ ಮಾಡಬಹುದು. ಒಂದು ಸಂಖ್ಯೆಗೆ ಮಿತಿ ಹಾಕಬಹುದು, ಡ್ರಾಪ್‌ಡೌನ್‌ನಲ್ಲಿ ‘0 ದಿನ’ ಆರಿಸಿದರೆ ಮುಂದಿನ ವಿಭಾಗಕ್ಕೆ ಹಾರಿಸಬಹುದು. ಎರಡು ಉತ್ತರಗಳನ್ನು ಕೂಡಿಸಿ ತೋರಿಸಲು ಆಗದು, ಅಂದರೆ ಮೇಲೆ ಹೇಳಿದ ‘ಸರಿಯೇ?’ ಪರದೆ ಇಲ್ಲ. ಲೈಮ್‌ಸರ್ವೆಯಲ್ಲಿ ಅದು ಸಾಧ್ಯ. ಸ್ವಂತ ಸರ್ವರ್‌ನಲ್ಲಿ ಉಚಿತವಾಗಿ ಹಾಕಿಕೊಳ್ಳಬಹುದು, ಆದರೆ ಅದನ್ನು ನೋಡಿಕೊಳ್ಳುವವರೊಬ್ಬರು ಬೇಕು. ನೆಟ್‌ವರ್ಕ್ ಇಲ್ಲದ ಕಡೆ ಸಂದರ್ಶಕರು ಟ್ಯಾಬ್ ಹಿಡಿದು ಹೋಗುವುದಾದರೆ ಕೋಬೊ ಅಥವಾ ಒಡಿಕೆ. ಆಫ್‌ಲೈನ್‌ನಲ್ಲಿ ತುಂಬಿ ಆಮೇಲೆ ಕಳಿಸಬಹುದು, ಮಿತಿ ದಾಟಿದರೆ ಮುಂದೆ ಹೋಗಗೊಡುವುದಿಲ್ಲ.

ಸಂಸ್ಥೆಯಲ್ಲಿ ರೆಡ್‌ಕ್ಯಾಪ್ ಇದ್ದರೆ ದೀರ್ಘಕಾಲದ ಅಧ್ಯಯನಕ್ಕೆ ಅದೇ ಉತ್ತಮ. ಒಂದು ಎಚ್ಚರಿಕೆ: ಅದರಲ್ಲಿ ಸಂಖ್ಯೆಗೆ ಹಾಕುವ ಕನಿಷ್ಠ-ಗರಿಷ್ಠ ಮಿತಿ ಬರೀ ಎಚ್ಚರಿಸುತ್ತದೆ, ತಡೆಯುವುದಿಲ್ಲ. ‘ದಿನಕ್ಕೆ 40 ಗಂಟೆ’ ಎಂದು ತುಂಬಿ, ಎಚ್ಚರಿಕೆ ಮುಚ್ಚಿ, ಮುಂದೆ ಹೋಗಬಹುದು. ದಿನಗಳಿಗೆ 0–7, ಗಂಟೆಗೆ 0–16ರ ಆಯ್ಕೆಪಟ್ಟಿ ಕೊಟ್ಟರೆ ಅಸಾಧ್ಯವಾದದ್ದನ್ನು ತುಂಬಲು ದಾರಿಯೇ ಇರುವುದಿಲ್ಲ. ಗೂಗಲ್ ಫಾರ್ಮ್ಸ್‌ಗೂ ಇದೇ ಉಪಾಯ.

ಫಾರ್ಮ್ ಕಟ್ಟುವಾಗ ಕೆಡುವ ಜಾಗಗಳು

ಹೊತ್ತಿಗೆ ಒಂದೇ ಪೆಟ್ಟಿಗೆ ಇಟ್ಟರೆ ‘1.30’ ಬರುತ್ತದೆ. ಅದು ಒಂದೂವರೆ ಗಂಟೆಯೋ, 1.3 ಗಂಟೆಯೋ, ಅಂದರೆ 78 ನಿಮಿಷವೋ? ಗಂಟೆಗೊಂದು, ನಿಮಿಷಕ್ಕೊಂದು ಪೆಟ್ಟಿಗೆ ಇಡಿ. ಆಗಲೂ ಗಂಟೆಯ ಪೆಟ್ಟಿಗೆಗೆ 30, 45 ತುಂಬುವವರಿದ್ದಾರೆ. ಇದು ಎಷ್ಟು ಮಾಮೂಲಿ ಎಂದರೆ, ಗಂಟೆಯ ಕಾಲಂನಲ್ಲಿ 15, 30, 45, 60, 90 ಕಂಡರೆ ನಿಮಿಷ ಎಂದೇ ತಿಳಿಯಿರಿ ಎಂದು ಐಪ್ಯಾಕ್ ಕೈಪಿಡಿಯೇ ಹೇಳುತ್ತದೆ.

ಖಾಲಿ ಜಾಗದ ಅನಾಹುತ ಇನ್ನೂ ದೊಡ್ಡದು. ‘0 ದಿನ’ ಎಂದವರಿಗೆ ಹೊತ್ತಿನ ಪ್ರಶ್ನೆ ಕಾಣಿಸುವುದಿಲ್ಲ, ಆ ಕಾಲಂ ಖಾಲಿ ಉಳಿಯುತ್ತದೆ. ವಿಶ್ಲೇಷಣೆಯಲ್ಲಿ ಖಾಲಿಯನ್ನು ‘ಉತ್ತರವಿಲ್ಲ’ ಎಂದು ಓದಿ ಇಡೀ ಸಾಲನ್ನು ಬಿಟ್ಟರೆ, ಬಿಟ್ಟುಹೋಗುವುದು ಅತಿ ಕಡಿಮೆ ಚಟುವಟಿಕೆಯವರೇ. ಉಳಿದವರ ಸರಾಸರಿ ತಾನಾಗಿ ಮೇಲೇರುತ್ತದೆ. ದಿನ 0 ಇದ್ದಲ್ಲಿ ಹೊತ್ತನ್ನೂ 0 ಮಾಡಿ. ದಿನ ಇದ್ದೂ ಹೊತ್ತು ಇಲ್ಲದಿದ್ದರೆ ಮಾತ್ರ ಅದು ನಿಜವಾದ ಖಾಲಿ. ‘ಗೊತ್ತಿಲ್ಲ’ ಎನ್ನುವುದಕ್ಕೆ ಬೇರೆ ಗುಂಡಿ ಇಡಿ, ಪೆಟ್ಟಿಗೆಯಲ್ಲಿ ಮೊದಲೇ 0 ತುಂಬಿಡಬೇಡಿ.

ಅನುವಾದದಲ್ಲಿ ‘ವ್ಯಾಯಾಮ’ ಎಂದು ಬರೆದರೆ ಜನ ಜಿಮ್, ಯೋಗವನ್ನಷ್ಟೇ ಹೇಳುತ್ತಾರೆ. ‘ದೈಹಿಕ ಚಟುವಟಿಕೆ’ ಎಂದು ಬರೆದು ಕೆಳಗೇ ಉದಾಹರಣೆ ಕೊಡಿ. ‘ಮಧ್ಯಮ ತೀವ್ರತೆ’ ಎಂಬ ಮಾತು ಯಾರಿಗೂ ಏನೂ ಹೇಳುವುದಿಲ್ಲ. ‘ಉಸಿರು ಸ್ವಲ್ಪ ಜೋರಾಗುತ್ತದೆ, ಮಾತಾಡಬಹುದು, ಹಾಡಲಾಗದು’ ಎಂದರೆ ತಿಳಿಯುತ್ತದೆ. ಬಿರುಸು ಎಂದರೆ ಏದುಸಿರು ಬಂದು ನಾಲ್ಕು ಮಾತು ಆಡುವುದೂ ಕಷ್ಟವಾಗುವುದು. 2020ರ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ‘ಕನಿಷ್ಠ 10 ನಿಮಿಷ ಒಂದೇ ಸಮ’ ಎಂಬ ಷರತ್ತನ್ನು ಬಿಟ್ಟಿದೆ. ಹಾಗೆಂದು ಹಳೆಯ ಪ್ರಶ್ನೆಯಿಂದ ಆ ಮಾತನ್ನು ನೀವಾಗಿಯೇ ತೆಗೆದರೆ ಹಿಂದಿನ ಯಾವ ಅಧ್ಯಯನದ ಜೊತೆಗೂ ಹೋಲಿಸಲಾಗದು.

ಹಾಗಾದರೆ ನಿಮಗೆ ಯಾವುದು?

ಕಚೇರಿ, ಕಾಲೇಜಿನ ವಯಸ್ಕರು, ನೂರಾರು ಜನ, ಲಿಂಕ್ ಕಳಿಸಿ ಉತ್ತರ ಪಡೆಯುವುದು: ಚಿಕ್ಕ ಐಪ್ಯಾಕ್. ವರ್ಗವಾರು ಶೇಕಡ ಹೇಳಿ. ಮೆಟ್-ನಿಮಿಷ ಹೇಳುವುದಾದರೆ ಸರಾಸರಿಗಿಂತ ಮಧ್ಯಾಂಕ ಕೊಡಿ, ಏಕೆಂದರೆ ಕೆಲವೇ ಕೆಲವರು ಸರಾಸರಿಯನ್ನು ಎಳೆದುಕೊಂಡು ಹೋಗುತ್ತಾರೆ. ದುಡಿಮೆಗಾರರು, ಓದಲು ಕಷ್ಟಪಡುವವರು ಸೇರಿದ ಸಮುದಾಯ, ಕೈಯಲ್ಲಿ ಸಂದರ್ಶಕರಿದ್ದಾರೆ: ಜಿಪ್ಯಾಕ್, ಕೋಬೊ ಮೇಲೆ. ಚಟುವಟಿಕೆ ನಿಮ್ಮ ಅಧ್ಯಯನದಲ್ಲಿ ಹತ್ತರಲ್ಲಿ ಹನ್ನೊಂದನೆಯ ಅಂಶ ಮಾತ್ರವಾಗಿದ್ದರೆ ಎರಡು ಪ್ರಶ್ನೆ ಸಾಕು, ಉಳಿದವಕ್ಕೆ ಉತ್ತರಿಸುವವರ ತಾಳ್ಮೆ ಉಳಿಸಿ. ನಡಿಗೆ ಕಾರ್ಯಕ್ರಮದ ಪರಿಣಾಮ ನೋಡಬೇಕು, ಜನ ನೂರರ ಒಳಗೆ: ಸಾಧನವನ್ನೇ ಮುಖ್ಯ ಅಳತೆಯಾಗಿಡಿ, ಪ್ರಶ್ನಾವಳಿ ಯಾವ ಕ್ಷೇತ್ರದಲ್ಲಿ ಬದಲಾಯಿತು ಎಂದು ತಿಳಿಯಲು ಮಾತ್ರ. ಕಾರ್ಯಕ್ರಮದಲ್ಲಿ ‘ನಡಿಗೆ ಒಳ್ಳೆಯದು’ ಎಂದು ಕೇಳಿ ಬಂದವರು ಕೊನೆಯ ಪ್ರಶ್ನಾವಳಿಯಲ್ಲಿ ನಡಿಗೆಯನ್ನು ಕಡಿಮೆ ಹೇಳುವುದಿಲ್ಲ.

ಯಾವುದನ್ನೇ ಆರಿಸಿ, ಹತ್ತು ಜನರನ್ನು ಎದುರಿಗೆ ಕೂರಿಸಿ, ತುಂಬುತ್ತ ಮನಸ್ಸಿನಲ್ಲಿ ಬಂದದ್ದನ್ನು ಗಟ್ಟಿಯಾಗಿ ಹೇಳಲು ಬಿಡಿ. ಎಲ್ಲಿ ತಡೆಯುತ್ತಾರೆ, ಎಲ್ಲಿ ನಿಮ್ಮ ಮುಖ ನೋಡುತ್ತಾರೆ ಎಂದು ಗುರುತು ಹಾಕಿಕೊಳ್ಳಿ. ಪ್ರತಿಯೊಬ್ಬರು ತೆಗೆದುಕೊಂಡ ಸಮಯವನ್ನೂ ಬರೆದಿಟ್ಟು, ಇದಕ್ಕಿಂತ ಬೇಗ ಮುಗಿಸಿದ್ದನ್ನು ಅನುಮಾನಿಸುತ್ತೇವೆ ಎಂಬ ಗಡಿಯನ್ನು ಆಗಲೇ, ಫಲಿತಾಂಶ ನೋಡುವ ಮೊದಲೇ ಗೊತ್ತುಮಾಡಿ. ಆಮೇಲೆ ಫಾರ್ಮ್‌ಗೆ ಆವೃತ್ತಿ ಸಂಖ್ಯೆ ಕೊಟ್ಟು ಬೀಗ ಹಾಕಿ. ಆರು ತಿಂಗಳ ನಂತರದ ಸುತ್ತಿನಲ್ಲಿ ಅದೇ ಆವೃತ್ತಿ, ಅದೇ ವಿಧಾನವಿರಲಿ. ಮೊದಲ ಸಲ ಸಂದರ್ಶಕರು ಕೇಳಿ ಎರಡನೇ ಸಲ ಲಿಂಕ್ ಕಳಿಸಿದರೆ ಕಾಣುವ ಬದಲಾವಣೆಯಲ್ಲಿ ಎಷ್ಟು ಪಾಲು ಲಿಂಕ್‌ನದು ಎಂದು ಯಾರೂ ಬಿಡಿಸಿ ಹೇಳಲಾರರು.